ಲ್ಯಾಪ್‌ಟಾಪ್‌ಗೆ ಮಾನಿಟರ್ ಜೋಡಿಸಿದರೂ ಚಿತ್ರ ಬರುತ್ತಿಲ್ಲವೇ? ಹೊರಗಿನಿಂದ ಒಳಕ್ಕೆ ಹುಡುಕುವ ಕ್ರಮ

ಮಳೆ ಹಿಡಿಯಿತೆಂದರೆ ನನಗೆ ಒಂದೇ ಥರದ ಫೋನ್ ಕರೆಗಳು. ಮೂಡಿಗೆರೆ, ಕೊಪ್ಪ, ಸಕಲೇಶಪುರದ ಮನೆಯಲ್ಲೇ ಕೂತು ಬೆಂಗಳೂರಿನ ಕಂಪನಿಗೆ ಕೆಲಸ ಮಾಡುವವರು, ಹಾಸನದಲ್ಲಿ ಇಂಜಿನಿಯರಿಂಗ್ ಓದುವ ಮಕ್ಕಳು, ಚಿಕ್ಕಮಗಳೂರಿನ ಆಡಿಟರ್ ಆಫೀಸಿನವರು. "ಮಾನಿಟರ್ ಹಾಕಿದೀನಿ, ನೋ ಸಿಗ್ನಲ್ ಅಂತಿದೆ" ಎಂದು ಶುರು ಮಾಡುತ್ತಾರೆ. ಅಷ್ಟು ಹೊತ್ತಿಗೆ ಡ್ರೈವರ್ (ಪರದೆಗೆ ಚಿತ್ರ ಕಳಿಸುವ ಭಾಗವನ್ನು ನಡೆಸುವ ಸಾಫ್ಟ್‌ವೇರ್) ಅಳಿಸಿ ಆಗಿರುತ್ತದೆ. ಕೆಲವರು ವಿಂಡೋಸ್ ರೀಸೆಟ್ ಕೂಡ ಮಾಡಿರುತ್ತಾರೆ. ಕೊನೆಗೆ ನೋಡಿದರೆ ತಪ್ಪು ಕೇಬಲ್.

ಇವರೆಲ್ಲ ಹುಡುಕುವುದು ಒಳಗಿನಿಂದ ಹೊರಕ್ಕೆ. ಹುಡುಕಬೇಕಾದ್ದು ಹೊರಗಿನಿಂದ ಒಳಕ್ಕೆ. ಮೊದಲು ಕರೆಂಟು, ಆಮೇಲೆ ಮಾನಿಟರ್, ಆಮೇಲೆ ಕೇಬಲ್, ಆಮೇಲೆ ಪೋರ್ಟ್. ವಿಂಡೋಸ್ ಮತ್ತು ಡ್ರೈವರ್ ಕೊನೆಗೆ. ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿ, ಅದರ ಫಲ ನೋಡಿ, ಆಮೇಲೆ ಮುಂದಿನದು. ಎರಡು ಮೂರು ಒಟ್ಟಿಗೆ ಬದಲಿಸಿದರೆ ಯಾವುದರಿಂದ ಸರಿಹೋಯಿತು ಅಂತ ಗೊತ್ತಾಗುವುದೇ ಇಲ್ಲ. ಮುಂದಿನ ತಿಂಗಳು ಮತ್ತೆ ಕೆಟ್ಟಾಗ ಮೊದಲಿನಿಂದ ಪರದಾಟ.

## ಕೈಗೆ ಸಿಗುವಂತೆ ಇಟ್ಟುಕೊಳ್ಳಬೇಕಾದ್ದು

ಒಂದು ಟಾರ್ಚ್, ಫೋನಿನದೇ ಸಾಕು. ಮೆತ್ತನೆಯ ಒಣ ಬ್ರಷ್. ಖಂಡಿತ ಕೆಲಸ ಮಾಡುವ ಇನ್ನೊಂದು ಎಚ್‌ಡಿಎಂಐ ಕೇಬಲ್. ಮನೆಯ ಸೆಟ್ ಟಾಪ್ ಬಾಕ್ಸಿನದ್ದನ್ನು ಬಿಚ್ಚಿಕೊಂಡರೂ ಆಯಿತು. ಎಚ್‌ಡಿಎಂಐ ಇರುವ ಟಿವಿ. ಒಂದು ಚೀಟಿ, ಪೆನ್ನು. ಚೀಟಿ ಯಾಕೆ ಅಂದರೆ, ಅಂಗಡಿಗೆ ಹೋಗಬೇಕಾಗಿ ಬಂದರೆ ಅಲ್ಲಿ ನಿಮ್ಮ ಪರವಾಗಿ ಮಾತಾಡುವುದು ಅದೇ.

## ಮೊದಲು ಲಕ್ಷಣ ಗುರುತಿಸಿ

ಮಾನಿಟರ್ ಬಟನ್ ಒತ್ತಿದರೂ ದೀಪವೇ ಹತ್ತದಿದ್ದರೆ ಅದು ಕರೆಂಟಿನ ಸಮಸ್ಯೆ. ಹಂತ 1ಕ್ಕೆ ಹೋಗಿ.

ದೀಪ ಹತ್ತಿ "ನೋ ಸಿಗ್ನಲ್" ಎಂದು ತೋರಿಸಿದರೆ ಮಾನಿಟರ್ ಜೀವಂತವಾಗಿದೆ, ಲ್ಯಾಪ್‌ಟಾಪಿನ ಮಾತು ಅದಕ್ಕೆ ಮುಟ್ಟುತ್ತಿಲ್ಲ ಅಷ್ಟೇ. ಹಂತ 2ರಿಂದ ಶುರು ಮಾಡಿ. ಜಾಸ್ತಿ ಜನರದ್ದು ಇದೇ.

ಲ್ಯಾಪ್‌ಟಾಪಿನ ಡಿಸ್‌ಪ್ಲೇ ಸೆಟ್ಟಿಂಗ್ಸ್‌ನಲ್ಲಿ ಎರಡನೇ ಪರದೆಯ ಚೌಕ ಕಾಣಿಸುತ್ತಿದ್ದು ಮಾನಿಟರ್ ಮಾತ್ರ ಕಪ್ಪಗಿದ್ದರೆ ಅದು ಬೇರೆಯೇ ಕಾಯಿಲೆ. ಲ್ಯಾಪ್‌ಟಾಪ್ ಮಾನಿಟರನ್ನು ಗುರುತಿಸಿದೆ. ಮೊದಲು ಹಂತ 2ರಲ್ಲಿ ಇನ್‌ಪುಟ್ ನೋಡಿ, ಅದು ಸರಿಯಿದ್ದರೆ ನೇರ ಹಂತ 8ಕ್ಕೆ ಹೋಗಿ.

## ಹಂತ 1: ಕರೆಂಟು ಮತ್ತು ಅರ್ಥಿಂಗ್

ಮಾನಿಟರ್ ಪ್ಲಗ್ಗನ್ನು ಎಕ್ಸ್‌ಟೆನ್ಷನ್ ಬೋರ್ಡಿನಿಂದ ತೆಗೆದು ನೇರ ಗೋಡೆಯ ಸಾಕೆಟ್ಟಿಗೆ ಹಾಕಿ. ಹಿಂಬದಿಯಲ್ಲಿ ವೈರ್ ಸೇರುವ ಜಾಗವನ್ನೂ ಗಟ್ಟಿಯಾಗಿ ಒತ್ತಿ.

ಇನ್ನೊಂದು ವಿಷಯ ದಯವಿಟ್ಟು ಗಮನಿಸಿ. ನಮ್ಮ ಕಡೆಯ ಹಳೆಯ ಮನೆಗಳಲ್ಲಿ ಅರ್ಥಿಂಗ್ ಸರಿ ಇರುವುದಿಲ್ಲ. ಮೂರು ಪಿನ್ನಿನ ಪ್ಲಗ್ಗನ್ನು ಎರಡು ಪಿನ್ನಿಗೆ ಇಳಿಸಿ ಬಳಸುವವರೂ ಇದ್ದಾರೆ. ಆಗ ಎಚ್‌ಡಿಎಂಐ ಕೇಬಲ್ಲಿನ ಲೋಹದ ತುದಿ ಮುಟ್ಟಿದರೆ ಬೆರಳು ಜುಮ್ಮೆನ್ನುತ್ತದೆ. ಆ ಸೋರುವ ಕರೆಂಟು ಪೋರ್ಟಿನ ಮೂಲಕ ಲ್ಯಾಪ್‌ಟಾಪಿನ ಬೋರ್ಡಿಗೆ ಇಳಿದರೆ ಪೋರ್ಟು ಸುಟ್ಟುಹೋಗಬಹುದು. ಜುಮ್ಮೆಂದರೆ ಅಲ್ಲಿಗೇ ನಿಲ್ಲಿಸಿ, ಮೊದಲು ಎಲೆಕ್ಟ್ರಿಷಿಯನ್ ಕರೆಸಿ. ಯಾವಾಗಲೂ ಎರಡೂ ಆಫ್ ಇದ್ದಾಗಲೇ ಕೇಬಲ್ ಜೋಡಿಸಿ, ಆಮೇಲೆ ಸ್ವಿಚ್ ಹಾಕಿ.

ಮಾರ್ಚ್, ಏಪ್ರಿಲ್‌ನ ಹೂಮಳೆ ಕಾಫಿಗೆ ಬೇಕೇ ಬೇಕು. ಆದರೆ ಅದರ ಜೊತೆಗೇ ಗುಡುಗು ಸಿಡಿಲೂ ಬರುತ್ತದೆ. ಸಂಜೆ ಗುಡುಗುವ ಸದ್ದು ಕೇಳಿದ ಕೂಡಲೇ ಮಾನಿಟರ್ ಪ್ಲಗ್ಗು, ಎಚ್‌ಡಿಎಂಐ ಕೇಬಲ್ ಎರಡನ್ನೂ ಬಿಚ್ಚಿಡಿ. ಬರೀ ಸ್ವಿಚ್ ಆಫ್ ಮಾಡಿದರೆ ಸಾಲದು.

## ಹಂತ 2: ಮಾನಿಟರಿನ ಇನ್‌ಪುಟ್ ಯಾವುದಿದೆ?

ಮಾನಿಟರ್ ಹಿಂದೆ ಬಗ್ಗಿ ನೋಡಿ. ಎಚ್‌ಡಿಎಂಐ 1, ಎಚ್‌ಡಿಎಂಐ 2, ಡಿಸ್‌ಪ್ಲೇಪೋರ್ಟ್, ವಿಜಿಎ ಹೀಗೆ ಒಂದಕ್ಕಿಂತ ಜಾಸ್ತಿ ಪೋರ್ಟ್ ಇರಬಹುದು. ನಿಮ್ಮ ಕೇಬಲ್ ಯಾವುದರಲ್ಲಿದೆಯೋ ಮಾನಿಟರಿನ ಮೆನುವಿನಲ್ಲೂ ಅದೇ ಆಯ್ಕೆ ಆಗಿರಬೇಕು. ಬಟನ್ ಒತ್ತಿ "ಇನ್‌ಪುಟ್" ಅಥವಾ "ಸೋರ್ಸ್" ಎಂಬಲ್ಲಿ ಕೈಯಾರೆ ಆರಿಸಿ. "ಆಟೋ" ಎಂದಿದ್ದರೆ ನಂಬಬೇಡಿ. ಕರೆಂಟು ಹೋಗಿ ಬಂದ ಮೇಲೆ ಕೆಲವು ಮಾನಿಟರ್‌ಗಳು ಬೇರೆ ಇನ್‌ಪುಟ್ ಹಿಡಿದು ಕೂತುಬಿಡುತ್ತವೆ.

## ಹಂತ 3: ಕೇಬಲ್ಲು ಮತ್ತು ಪೋರ್ಟಿನ ಬಾಯಿ

ಇಲ್ಲಿ ಅವಸರ ಮಾಡಬೇಡಿ. ಜಾಸ್ತಿ ಸಮಸ್ಯೆಗಳು ಮುಗಿಯುವುದು ಇಲ್ಲೇ.

ಎಚ್‌ಡಿಎಂಐ ಕೇಬಲ್ಲಿನಲ್ಲಿ 19 ಪಿನ್ ಇರುತ್ತವೆ. ಲ್ಯಾಪ್‌ಟಾಪ್ 18ನೇ ಪಿನ್ನಿನಲ್ಲಿ 5 ವೋಲ್ಟ್ ಕಳಿಸುತ್ತದೆ. "ನಾನಿದ್ದೇನೆ" ಎಂದು ಮಾನಿಟರ್ 19ನೇ ಪಿನ್ನಿನಲ್ಲಿ ತಿಳಿಸುತ್ತದೆ. ಆಮೇಲೆ 15 ಮತ್ತು 16ನೇ ಪಿನ್ನುಗಳ ಮೂಲಕ ಲ್ಯಾಪ್‌ಟಾಪ್ ಅದರ ಹೆಸರು, ಅಳತೆ ಓದಿಕೊಳ್ಳುತ್ತದೆ. ಈ ನಾಲ್ಕು ಪಿನ್ನುಗಳಲ್ಲಿ ಒಂದು ಸರಿಯಾಗಿ ಕೂರದಿದ್ದರೂ ಸಾಕು, ಉಳಿದವೆಲ್ಲ ಚೆನ್ನಾಗಿದ್ದರೂ ಲ್ಯಾಪ್‌ಟಾಪಿನ ಪಾಲಿಗೆ ಮಾನಿಟರ್ ಇಲ್ಲವೇ ಇಲ್ಲ. ಹಾಗಾಗಿ "ಕೇಬಲ್ ಹೊರಗಿನಿಂದ ಚೆನ್ನಾಗಿ ಕಾಣುತ್ತಿದೆ" ಎನ್ನುವ ಮಾತಿಗೆ ಬೆಲೆಯಿಲ್ಲ.

ಎರಡೂ ಆಫ್ ಮಾಡಿ. ಕೇಬಲ್ಲನ್ನು ಎರಡೂ ತುದಿಯಲ್ಲಿ ಪೂರ್ತಿ ಹೊರಗೆ ತೆಗೆಯಿರಿ. ಟಾರ್ಚ್ ಹಿಡಿದು ಲ್ಯಾಪ್‌ಟಾಪಿನ ಪೋರ್ಟಿನೊಳಗೆ ನೋಡಿ. ನಡುವೆ ತೆಳ್ಳಗಿನ ಕಪ್ಪು ನಾಲಿಗೆಯಂಥ ಪಟ್ಟಿ ಇರುತ್ತದೆ, ಅದು ನೆಟ್ಟಗಿರಬೇಕು. ಅದರ ಮೇಲಿನ ಸಣ್ಣ ಸಣ್ಣ ಗೆರೆಗಳು ಹೊಳೆಯುತ್ತಿರಬೇಕು. ಹಸಿರು ಬಣ್ಣಕ್ಕೆ ತಿರುಗಿದ್ದರೆ ತೇವ ಹೊಡೆದಿದೆ ಎಂದರ್ಥ. ಕಳೆದ ವರ್ಷ ಒಂದು ತೋಟದ ಮನೆಯ ಲ್ಯಾಪ್‌ಟಾಪಿನಲ್ಲಿ ಟಾರ್ಚ್ ಬಿಟ್ಟಾಗ ನಾಲಿಗೆಯೇ ಕಾಣಲಿಲ್ಲ. ಕೆಂಪು ಮಣ್ಣು! ಗೋಡೆಯ ಸಾಕೆಟ್ಟಿನ ತೂತಿಗೆಲ್ಲ ಗೂಡು ಕಟ್ಟುತ್ತದಲ್ಲ, ಅದೇ ಕಣಜ ಎಚ್‌ಡಿಎಂಐ ಪೋರ್ಟಿನೊಳಗೂ ಅಚ್ಚುಕಟ್ಟಾಗಿ ಗೂಡು ಮುಚ್ಚಿಟ್ಟಿತ್ತು. ಮೂರು ತಿಂಗಳಿಂದ ಆ ಪೋರ್ಟ್ ಬಳಸಿರಲಿಲ್ಲವಂತೆ.

ದೂಳಿದ್ದರೆ ಒಣ ಬ್ರಷ್ಷಿನಿಂದ ನಿಧಾನಕ್ಕೆ ಗುಡಿಸಿ. ಪಿನ್ನು, ಸೂಜಿ, ಬ್ಲೇಡು ಹಾಕಿ ಕೆರೆಯಬೇಡಿ. ಬಾಯಿಂದ ಊದಬೇಡಿ, ಉಸಿರಿನಲ್ಲೇ ತೇವ ಇರುತ್ತದೆ. ಕೊಳೆ ಅಂಟಿದ್ದರೆ ಐಸೋಪ್ರೊಪೈಲ್ ಆಲ್ಕೊಹಾಲ್ ಒಂದೆರಡು ಹನಿ ಬ್ರಷ್ಷಿಗೆ ತಾಗಿಸಿ ಒರೆಸಿ, ಪೂರ್ತಿ ಆರುವ ತನಕ ಆನ್ ಮಾಡಬೇಡಿ. ಹೇರ್ ಡ್ರೈಯರಿನ ಬಿಸಿ ಗಾಳಿ ಬೇಡ.

ಈಗ ಕೇಬಲ್ ವಾಪಸ್ ಹಾಕಿ. ತುದಿ ಪೂರ್ತಿ ಒಳಗೆ ಹೋಗಿ ಕೂತ ಅನುಭವ ಕೈಗೆ ಸಿಗಬೇಕು. ಆನ್ ಮಾಡಿ ನೋಡಿ. ಬರದಿದ್ದರೆ ಕೇಬಲ್ ಬದಲಿಸಿ ನೋಡಿ. ಉದ್ದವನ್ನೂ ಗಮನಿಸಿ. ಕೆಳಗಿನ ಹಾಲಿನಿಂದ ಮಹಡಿಗೆ ಎಳೆದ 10 ಮೀಟರ್ ಸಾದಾ ಕೇಬಲ್ಲಿನಲ್ಲಿ ಸಿಗ್ನಲ್ ಸೊರಗುತ್ತದೆ. ಪರೀಕ್ಷೆಗೆ 2 ಮೀಟರಿಗಿಂತ ಚಿಕ್ಕದೇ ಇರಲಿ.

ಹಳೆಯ ವಿಜಿಎ ಮಾನಿಟರ್ ಇದ್ದವರು ಕೇಬಲ್ಲಿನ ಪಿನ್ನುಗಳು ಬಾಗಿವೆಯೇ ನೋಡಿ. ಮಧ್ಯದ ಸಾಲಿನಲ್ಲಿ ಒಂದು ಪಿನ್ ಇಲ್ಲದಿದ್ದರೆ ಗಾಬರಿ ಬೇಡ, ಕೆಲವು ಕೇಬಲ್ಲುಗಳನ್ನು ಹಾಗೆಯೇ ಮಾಡಿರುತ್ತಾರೆ.

## ಹಂತ 4: ಟೈಪ್-ಸಿ ಬಳಸುವವರು ಮಾತ್ರ ಓದಿ

ನನ್ನ ಅಕ್ಕನ ಮಗ ಬಾಳೆಹೊನ್ನೂರಿನ ಹತ್ತಿರ ತೋಟದ ಮನೆಯಲ್ಲಿದ್ದುಕೊಂಡೇ ಕೆಲಸ ಮಾಡುತ್ತಾನೆ. ಟೈಪ್-ಸಿ ಇರುವ ಹೊಸ ಮಾನಿಟರ್ ತಂದ. ಚಿತ್ರ ಬರಲಿಲ್ಲ. ಒಂದು ಭಾನುವಾರ ಪೂರ್ತಿ ಕೂತು ವಿಂಡೋಸ್ ರೀಸೆಟ್ ಮಾಡಿ, ಆಮೇಲೆ ನನಗೆ ಫೋನ್ ಮಾಡಿದ.

"ಮಾವ, ಲ್ಯಾಪ್‌ಟಾಪ್ ಚಾರ್ಜ್ ಆಗ್ತಿದೆ. ಅಂದ್ರೆ ಕೇಬಲ್ ಸರಿ ಇದೆ ಅಲ್ವಾ?"

"ಯಾವ ಕೇಬಲ್ಲೋ ಅದು?"

"ಫೋನ್ ಚಾರ್ಜರ್‌ದು. ಇದು ಉದ್ದ ಇದೆ ಅಂತ ಹಾಕ್ದೆ."

ಮಾನಿಟರಿನ ಜೊತೆ ಬಂದ ಕೇಬಲ್ ಡಬ್ಬಿಯ ತಳದಲ್ಲಿ, ಪ್ಲಾಸ್ಟಿಕ್ ಕವರನ್ನೂ ಬಿಚ್ಚದೆ ಹಾಗೇ ಇತ್ತು. ಅದನ್ನು ಹಾಕಿದ ಕೂಡಲೇ ಚಿತ್ರ ಬಂತು. ಕಳೆದುಹೋದ ಭಾನುವಾರ, ಮತ್ತೆ ಹಾಕಿಕೊಳ್ಳಬೇಕಾದ ಸಾಫ್ಟ್‌ವೇರುಗಳು, ಇವನ್ನೆಲ್ಲ ನೆನೆಸಿಕೊಂಡರೆ ನನಗೆ ಈಗಲೂ ಸಂಕಟವಾಗುತ್ತದೆ.

ಟೈಪ್-ಸಿ ಎನ್ನುವುದು ಬಾಯಿಯ ಆಕಾರದ ಹೆಸರು ಮಾತ್ರ. ಫೋನಿನ ಜೊತೆ ಬರುವ ಕೇಬಲ್ಲುಗಳಲ್ಲಿ ಎಷ್ಟೋ ಸಲ ಕರೆಂಟು ಮತ್ತು ನಿಧಾನದ ಡೇಟಾ ತಂತಿಗಳಷ್ಟೇ ಇರುತ್ತವೆ. ಚಿತ್ರ ಹೋಗಬೇಕಾದ ತಂತಿಗಳೇ ಇರುವುದಿಲ್ಲ. ಚಾರ್ಜ್ ಆಗುವುದಕ್ಕೂ ಚಿತ್ರ ಬರುವುದಕ್ಕೂ ಸಂಬಂಧವಿಲ್ಲ.

ಪೋರ್ಟಿಗೂ ಇದೇ ಮಾತು. ಎಲ್ಲ ಟೈಪ್-ಸಿ ಪೋರ್ಟ್ ಚಿತ್ರ ಕೊಡುವುದಿಲ್ಲ. ಪೋರ್ಟಿನ ಪಕ್ಕ ಮಿಂಚಿನ ಬಾಣದ ಗುರುತಿದ್ದರೆ ಥಂಡರ್‌ಬೋಲ್ಟ್, ಚಿತ್ರ ಬರುತ್ತದೆ. ಇಂಗ್ಲಿಷಿನ ಡಿ ಮತ್ತು ಪಿ ಅಕ್ಷರ ಸೇರಿಸಿದಂಥ ಗುರುತಿದ್ದರೂ ಬರುತ್ತದೆ. ಬರೀ ಬ್ಯಾಟರಿಯ ಗುರುತಿದ್ದರೆ ಅಥವಾ ಏನೂ ಇಲ್ಲದಿದ್ದರೆ ನಿಮ್ಮ ಮಾಡೆಲ್ ನಂಬರ್ ಹಾಕಿ ಕಂಪನಿಯ ಸೈಟಿನಲ್ಲಿ "ಡಿಸ್‌ಪ್ಲೇಪೋರ್ಟ್ ಆಲ್ಟ್ ಮೋಡ್", ಅಂದರೆ ಟೈಪ್-ಸಿ ಮೂಲಕ ಚಿತ್ರ ಕಳಿಸುವ ಸೌಲಭ್ಯ, ಇದೆಯೇ ನೋಡಿ. ಎರಡು ಟೈಪ್-ಸಿ ಇದ್ದರೆ ಒಂದರಲ್ಲಿ ಮಾತ್ರ ಇರಬಹುದು, ಎರಡನ್ನೂ ಪ್ರಯತ್ನಿಸಿ. ಈ ಸೌಲಭ್ಯವೇ ಇಲ್ಲದ ಪೋರ್ಟಿಗೆ ಎಷ್ಟು ದುಬಾರಿ ಕೇಬಲ್ ತಂದರೂ ಪ್ರಯೋಜನವಿಲ್ಲ.

## ಹಂತ 5: ಅಡಾಪ್ಟರ್ ಇದ್ದರೆ ಅದರ ದಿಕ್ಕು ನೋಡಿ

ಒಂದು ತುದಿ ಡಿಸ್‌ಪ್ಲೇಪೋರ್ಟ್, ಇನ್ನೊಂದು ತುದಿ ಎಚ್‌ಡಿಎಂಐ ಇರುವ ಕೇಬಲ್ಲುಗಳು ಸಾಮಾನ್ಯವಾಗಿ ಒಂದೇ ದಿಕ್ಕಿಗೆ ಕೆಲಸ ಮಾಡುತ್ತವೆ. ಡಿಸ್‌ಪ್ಲೇಪೋರ್ಟ್ ತುದಿ ಕಂಪ್ಯೂಟರಿಗೆ, ಎಚ್‌ಡಿಎಂಐ ತುದಿ ಮಾನಿಟರಿಗೆ. ತಿರುಗಿಸಿ ಹಾಕಿದರೆ ಪಿನ್ ಕೂರುತ್ತದೆ, ಚಿತ್ರ ಬರುವುದಿಲ್ಲ. ಎಚ್‌ಡಿಎಂಐನಿಂದ ವಿಜಿಎಗೆ ಬದಲಿಸುವ ಡಬ್ಬಿಯೂ ಹಾಗೆಯೇ. ಕೊಳ್ಳುವಾಗ "ಲ್ಯಾಪ್‌ಟಾಪಿನಲ್ಲಿ ಇದು, ಮಾನಿಟರಿನಲ್ಲಿ ಇದು" ಎಂದು ಬಿಡಿಸಿ ಹೇಳಿ.

ಡಾಕ್ (ಒಂದೇ ಕೇಬಲ್ಲಿನಿಂದ ಹಲವು ಪೋರ್ಟ್ ಕೊಡುವ ಡಬ್ಬಿ) ಬಳಸುತ್ತಿದ್ದರೆ ಅದರ ಸ್ವಂತ ಪವರ್ ಅಡಾಪ್ಟರ್ ಹಾಕಿದೆಯೇ ನೋಡಿ. ಸಾದಾ ಯುಎಸ್‌ಬಿಯಿಂದ ಎಚ್‌ಡಿಎಂಐ ಕೊಡುವ ಡಬ್ಬಿಗಳಿಗೆ ಬೇರೆ ಡ್ರೈವರ್ ಬೇಕು, ಹಲವದಕ್ಕೆ ಬೇಕಾದ್ದು ಡಿಸ್‌ಪ್ಲೇಲಿಂಕ್ ಎಂಬ ಡ್ರೈವರ್.

## ಹಂತ 6: ಅದಲು ಬದಲು ಪರೀಕ್ಷೆ

ಇಲ್ಲಿಯ ತನಕ ಬರದಿದ್ದರೆ ತಪ್ಪು ಯಾರದ್ದು ಎಂದು ಗೊತ್ತುಮಾಡಿಕೊಳ್ಳುವ ಹೊತ್ತು. ಲ್ಯಾಪ್‌ಟಾಪನ್ನು ಅದೇ ಕೇಬಲ್ಲಿನಲ್ಲಿ ಮನೆಯ ಟಿವಿಗೆ ಜೋಡಿಸಿ. ಆಮೇಲೆ ಸೆಟ್ ಟಾಪ್ ಬಾಕ್ಸನ್ನು ಅದೇ ಕೇಬಲ್ಲಿನಲ್ಲಿ ಮಾನಿಟರಿಗೆ ಜೋಡಿಸಿ.

ಟಿವಿಯಲ್ಲಿ ಲ್ಯಾಪ್‌ಟಾಪ್ ಬಂದು, ಮಾನಿಟರಿನಲ್ಲಿ ಸೆಟ್ ಟಾಪ್ ಬಾಕ್ಸ್ ಬರದಿದ್ದರೆ ಮಾನಿಟರಿನದೇ ತಪ್ಪು. ಅದಕ್ಕೆ ಇನ್ನೊಂದು ಪೋರ್ಟ್ ಇದ್ದರೆ ಅದನ್ನು ಬಳಸಿ. ಇದರ ಉಲ್ಟಾ ಆದರೆ ಲ್ಯಾಪ್‌ಟಾಪಿನದು, ಮುಂದಿನ ಹಂತಕ್ಕೆ ಹೋಗಿ. ಎರಡೂ ಬಂದರೆ ಇವೆರಡರ ಹೊಂದಾಣಿಕೆಯದು, ಹಂತ 8 ನೋಡಿ. ಎರಡೂ ಬರದಿದ್ದರೆ ಮತ್ತೆ ಕೇಬಲ್ಲಿನ ಮೇಲೇ ಅನುಮಾನ. ಏನಾಯಿತು ಎನ್ನುವುದನ್ನು ಚೀಟಿಯಲ್ಲಿ ಬರೆದಿಡಿ.

## ಹಂತ 7: ಸರಿಯಾಗಿ ಆಫ್ ಮಾಡಿ

"ಹತ್ತು ಸಲ ಆಫ್ ಮಾಡಿ ಆನ್ ಮಾಡಿದೆ" ಅನ್ನುತ್ತಾರೆ. ವಿಂಡೋಸ್ 10, 11ರಲ್ಲಿ ಫಾಸ್ಟ್ ಸ್ಟಾರ್ಟಪ್ ಎಂಬುದಿದೆ. ಅದು ಚಾಲೂ ಇದ್ದರೆ ಶಟ್ ಡೌನ್ ಕೊಟ್ಟರೂ ವಿಂಡೋಸಿನ ಒಳಭಾಗ ಪೂರ್ತಿ ಮುಚ್ಚುವುದಿಲ್ಲ, ಹಳೆಯ ತೊಡಕು ಹಾಗೇ ಉಳಿಯಬಹುದು. ರೀಸ್ಟಾರ್ಟ್ ಕೊಟ್ಟರೆ ಮಾತ್ರ ಹೊಸದಾಗಿ ಶುರುವಾಗುತ್ತದೆ. ಮೊದಲು ರೀಸ್ಟಾರ್ಟ್ ಮಾಡಿ.

ಆಗಲೂ ಬರದಿದ್ದರೆ ಶಿಫ್ಟ್ ಕೀ ಒತ್ತಿ ಹಿಡಿದು ಶಟ್ ಡೌನ್ ಕೊಡಿ. ಚಾರ್ಜರ್ ಮತ್ತು ಎಲ್ಲ ಕೇಬಲ್ ತೆಗೆಯಿರಿ. ಪವರ್ ಬಟನ್ ಅರ್ಧ ನಿಮಿಷ ಒತ್ತಿ ಹಿಡಿಯಿರಿ. ಮಾನಿಟರ್ ಪ್ಲಗ್ಗನ್ನೂ ಒಂದೆರಡು ನಿಮಿಷ ಕಿತ್ತಿಡಿ. ಮೊದಲು ಮಾನಿಟರ್, ಆಮೇಲೆ ಕೇಬಲ್ಲು, ಕೊನೆಗೆ ಲ್ಯಾಪ್‌ಟಾಪ್ ಚಾಲೂ ಮಾಡುವ ಕ್ರಮ ಅರ್ಥಿಂಗ್ ಚೆನ್ನಾಗಿರುವ ಮನೆಗೆ ಸರಿ. ಅನುಮಾನ ಇದ್ದವರು ಹಂತ 1ರಲ್ಲಿ ಹೇಳಿದಂತೆ ಕೇಬಲ್ಲೇ ಮೊದಲು ಹಾಕಿ.

ಆನ್ ಆಗುವಾಗ ಕಣ್ಣು ಮಾನಿಟರಿನ ಮೇಲಿರಲಿ. ವಿಂಡೋಸ್ ಬರುವ ಮೊದಲು ಕಂಪನಿಯ ಲೋಗೋ ಅದರಲ್ಲಿ ಒಂದು ಕ್ಷಣ ಕಂಡರೂ ಸಾಕು, ಕೇಬಲ್ಲು, ಪೋರ್ಟು, ಮಾನಿಟರ್ ಮೂರೂ ಚೆನ್ನಾಗಿವೆ. ತಪ್ಪು ವಿಂಡೋಸಿನಲ್ಲಿದೆ. ಲೋಗೋ ಕಾಣದಿದ್ದರೆ ಪೋರ್ಟು ಸತ್ತಿದೆ ಅಂತ ತೀರ್ಮಾನಿಸಬೇಡಿ. ಕೆಲವು ಲ್ಯಾಪ್‌ಟಾಪುಗಳು ಲೋಗೋವನ್ನು ತಮ್ಮ ಪರದೆಯಲ್ಲಿ ಮಾತ್ರ ತೋರಿಸುತ್ತವೆ.

## ಹಂತ 8: ವಿಂಡೋಸಿನ ಒಳಗೆ

ಕೀಬೋರ್ಡಿನಲ್ಲಿ ವಿಂಡೋಸ್ ಕೀ ಹಿಡಿದು ಪಿ ಒತ್ತಿ. ನಾಲ್ಕು ಆಯ್ಕೆ ಬರುತ್ತವೆ. "ಪಿಸಿ ಸ್ಕ್ರೀನ್ ಓನ್ಲಿ" ಎಂದಿದ್ದರೆ ಹೊರಗಿನ ಮಾನಿಟರಿಗೆ ಏನೂ ಹೋಗುವುದಿಲ್ಲ. "ಎಕ್ಸ್‌ಟೆಂಡ್" ಆರಿಸಿ. "ಸೆಕೆಂಡ್ ಸ್ಕ್ರೀನ್ ಓನ್ಲಿ" ಈಗ ಬೇಡ, ಎರಡೂ ಕಡೆ ಕತ್ತಲಾದರೆ ಗಾಬರಿಯಾಗುತ್ತೀರಿ.

ಆಮೇಲೆ ವಿಂಡೋಸ್, ಕಂಟ್ರೋಲ್, ಶಿಫ್ಟ್ ಮೂರೂ ಹಿಡಿದು ಬಿ ಒತ್ತಿ. ಪರದೆ ಒಮ್ಮೆ ಮಿನುಗುತ್ತದೆ. ಗ್ರಾಫಿಕ್ಸ್ ಡ್ರೈವರ್ ಹೊಸದಾಗಿ ಶುರುವಾಗುವ ಲಕ್ಷಣ ಅದು, ತೆರೆದ ಫೈಲಿಗೆ ಏನೂ ಆಗುವುದಿಲ್ಲ.

ಮುಂದೆ ಸೆಟ್ಟಿಂಗ್ಸ್, ಸಿಸ್ಟಮ್, ಡಿಸ್‌ಪ್ಲೇ, ಅದರಲ್ಲಿ ಮಲ್ಟಿಪಲ್ ಡಿಸ್‌ಪ್ಲೇಸ್, ಅಲ್ಲಿ "ಡಿಟೆಕ್ಟ್" ಒತ್ತಿ.

ಎರಡನೇ ಚೌಕ ಬಂದರೂ ಮಾನಿಟರ್ ಕಪ್ಪಗಿದ್ದರೆ ಆ ಚೌಕವನ್ನು ಆರಿಸಿ ರೆಸಲ್ಯೂಷನ್ 1920 × 1080ಕ್ಕೆ ಇಳಿಸಿ. ಅಡ್ವಾನ್ಸ್ಡ್ ಡಿಸ್‌ಪ್ಲೇಯಲ್ಲಿ ರಿಫ್ರೆಶ್ ರೇಟ್ 60 ಹರ್ಟ್ಜ್ ಮಾಡಿ. 4ಕೆ ಮಾನಿಟರ್ ಇದ್ದು ಲ್ಯಾಪ್‌ಟಾಪಿನ ಪೋರ್ಟ್ ಎಚ್‌ಡಿಎಂಐ 1.4 ಆಗಿದ್ದರೆ 4ಕೆಯಲ್ಲಿ 30 ಹರ್ಟ್ಜ್ ಮಾತ್ರ ಸಿಗುತ್ತದೆ.

ಮ್ಯಾಕ್ ಇರುವವರಿಗೆ: ಡಿಸ್‌ಪ್ಲೇಸ್ ಸೆಟ್ಟಿಂಗ್ ತೆರೆದು ಆಪ್ಷನ್ ಕೀ ಹಿಡಿದರೆ "ಡಿಟೆಕ್ಟ್ ಡಿಸ್‌ಪ್ಲೇಸ್" ಬರುತ್ತದೆ. ಎಂ1, ಎಂ2 ಮ್ಯಾಕ್‌ಬುಕ್ ಏರ್‌ಗೆ ನೇರವಾಗಿ ಒಂದೇ ಹೊರಗಿನ ಮಾನಿಟರ್. ಎರಡನೆಯದು ಬರದಿದ್ದರೆ ಅದು ಕೆಟ್ಟಿದ್ದಲ್ಲ.

## ಹಂತ 9: ಕೊನೆಗೆ ಡ್ರೈವರ್

ಸ್ಟಾರ್ಟ್ ಮೇಲೆ ಬಲ ಕ್ಲಿಕ್ ಮಾಡಿ ಡಿವೈಸ್ ಮ್ಯಾನೇಜರ್ ತೆರೆದು "ಡಿಸ್‌ಪ್ಲೇ ಅಡಾಪ್ಟರ್ಸ್" ಬಿಡಿಸಿ. "ಮೈಕ್ರೋಸಾಫ್ಟ್ ಬೇಸಿಕ್ ಡಿಸ್‌ಪ್ಲೇ ಅಡಾಪ್ಟರ್" ಎಂದಿದ್ದರೆ ಸರಿಯಾದ ಡ್ರೈವರ್ ಇಲ್ಲ. ಇಂಟೆಲ್ ಜೊತೆಗೆ ಎನ್‌ವಿಡಿಯಾ ಅಥವಾ ಎಎಂಡಿ ಕಂಡು, ಅದರ ಮೇಲೆ ಕೆಳಮುಖದ ಬಾಣ ಇದ್ದರೆ ಯಾರೋ ಅದನ್ನು ನಿಲ್ಲಿಸಿದ್ದಾರೆ. ಬ್ಯಾಟರಿ ಉಳಿಸಲೆಂದು ಹೀಗೆ ಮಾಡುವವರಿದ್ದಾರೆ. ಹಲವು ಗೇಮಿಂಗ್ ಲ್ಯಾಪ್‌ಟಾಪುಗಳಲ್ಲಿ ಎಚ್‌ಡಿಎಂಐ ಪೋರ್ಟ್ ಅದಕ್ಕೇ ಸೇರಿರುತ್ತದೆ. ಬಲ ಕ್ಲಿಕ್ ಮಾಡಿ "ಎನೇಬಲ್" ಕೊಡಿ.

ಮೊನ್ನೆವರೆಗೆ ಬರುತ್ತಿತ್ತು, ಅಪ್‌ಡೇಟ್ ಆದ ಮೇಲೆ ನಿಂತಿತು ಎಂದಾದರೆ ಪ್ರಾಪರ್ಟೀಸ್‌ನ ಡ್ರೈವರ್ ಪುಟದಲ್ಲಿ "ರೋಲ್ ಬ್ಯಾಕ್" ಒತ್ತಿ. ಇಲ್ಲವಾದರೆ ಲ್ಯಾಪ್‌ಟಾಪ್ ಕಂಪನಿಯ ಸೈಟಿಗೆ ಹೋಗಿ ನಿಮ್ಮದೇ ಮಾಡೆಲ್ಲಿನ ಡ್ರೈವರ್ ಇಳಿಸಿಕೊಳ್ಳಿ. ನೂರಾರು ಎಂಬಿ ಇರುತ್ತದೆ, ತೋಟದ ಮನೆಯ ನೆಟ್‌ವರ್ಕ್ ನಂಬಬೇಡಿ. ಪೇಟೆಗೆ ಬಂದಾಗ ಇಳಿಸಿ, ಆಮೇಲೆ ಹಳೆಯದನ್ನು ತೆಗೆಯಿರಿ. ಹೊಸದು ಕೈಯಲ್ಲಿಲ್ಲದೆ ಹಳೆಯದನ್ನು ಅಳಿಸಬೇಡಿ. "ಎಲ್ಲ ಡ್ರೈವರ್ ಒಂದೇ ಕ್ಲಿಕ್ಕಿನಲ್ಲಿ" ಎನ್ನುವ ಸೈಟುಗಳ ಹತ್ತಿರವೂ ಹೋಗಬೇಡಿ. ಕಂಪನಿ ಕೊಟ್ಟ ಲ್ಯಾಪ್‌ಟಾಪ್ ಆದರೆ ಡ್ರೈವರ್ ಮುಟ್ಟುವ ಮೊದಲು ಅವರ ಐಟಿ ವಿಭಾಗವನ್ನು ಕೇಳಿ.

ಬಯೋಸ್ (ವಿಂಡೋಸಿಗೂ ಮೊದಲು ಲ್ಯಾಪ್‌ಟಾಪನ್ನು ಎಬ್ಬಿಸುವ ಒಳಗಿನ ಸಾಫ್ಟ್‌ವೇರ್) ಅಪ್‌ಡೇಟ್ ಎಲ್ಲಕ್ಕಿಂತ ಕೊನೆಗೆ. ಬ್ಯಾಟರಿ ತುಂಬಿರಬೇಕು, ಚಾರ್ಜರ್ ಹಾಕಿರಬೇಕು. ನಡುವೆ ಆಫ್ ಆದರೆ ಲ್ಯಾಪ್‌ಟಾಪೇ ಏಳದೇ ಹೋಗಬಹುದು.

## ಇವು ಕಂಡರೆ ಮುಂದುವರಿಸಬೇಡಿ

ಪೋರ್ಟಿನ ಹತ್ತಿರ ಸುಟ್ಟ ವಾಸನೆ. ಕೇಬಲ್ ಹಾಕಿದ ಕೂಡಲೇ ಪೋರ್ಟ್ ಬಿಸಿಯಾಗುವುದು ಅಥವಾ ಲ್ಯಾಪ್‌ಟಾಪ್ ಆಫ್ ಆಗುವುದು. ಸಿಡಿಲು ಬಡಿದ ಮರುದಿನದಿಂದ ಶುರುವಾದ ತೊಂದರೆ. ಕೇಬಲ್ ಅಲ್ಲಾಡಿಸಿದರೆ ಚಿತ್ರ ಬಂದು ಹೋಗುವುದು. ಕೊನೆಯದಕ್ಕೆ ರಟ್ಟಿನ ಚೂರು ಸಿಕ್ಕಿಸಿ ಕೆಲಸ ಸಾಗಿಸುವವರನ್ನು ನೋಡಿದ್ದೇನೆ. ಪೋರ್ಟಿನ ಬೆಸುಗೆ ಬಿಟ್ಟಿರುತ್ತದೆ, ಒತ್ತಿದಷ್ಟೂ ಬೋರ್ಡು ಹಾಳಾಗುತ್ತದೆ.

## ಅಂಗಡಿಗೆ ಹೋಗುವಾಗ

ಮೂಡಿಗೆರೆಯಿಂದ ಚಿಕ್ಕಮಗಳೂರಿಗೆ, ಸಕಲೇಶಪುರದಿಂದ ಹಾಸನಕ್ಕೆ ಎರಡೆರಡು ಸಲ ಓಡಾಡುವುದು ಯಾರಿಗೆ ಬೇಕು? ಒಂದೇ ಸಲಕ್ಕೆ ಎಲ್ಲ ತೆಗೆದುಕೊಂಡು ಹೋಗಿ: ಲ್ಯಾಪ್‌ಟಾಪು, ಚಾರ್ಜರ್, ನೀವು ಬಳಸುವ ಅದೇ ಕೇಬಲ್ಲು, ಅಡಾಪ್ಟರು, ಚೀಟಿ. ವಾರಂಟಿ ಇದ್ದರೆ ಬೇರೆಲ್ಲೂ ಬಿಚ್ಚಿಸಬೇಡಿ, ಕಂಪನಿಯ ಸರ್ವಿಸ್ ಸೆಂಟರಿಗೇ ಹೋಗಿ. ಫೈಲುಗಳ ಕಾಪಿ ಮೊದಲೇ ಮಾಡಿಟ್ಟುಕೊಳ್ಳಿ.

"ಮಾನಿಟರ್ ಬರುತ್ತಿಲ್ಲ" ಎಂದಷ್ಟೇ ಹೇಳಿದರೆ ವಿಂಡೋಸ್ ಹೊಸದಾಗಿ ಹಾಕಿ ಕೊಟ್ಟುಬಿಡಬಹುದು. "ಎರಡು ಕೇಬಲ್ಲಿನಲ್ಲಿ ನೋಡಿದ್ದೇನೆ, ಟಿವಿಗೂ ಬರುತ್ತಿಲ್ಲ, ಮಾನಿಟರಿನಲ್ಲಿ ಸೆಟ್ ಟಾಪ್ ಬಾಕ್ಸ್ ಬರುತ್ತದೆ, ಡಿವೈಸ್ ಮ್ಯಾನೇಜರಿನಲ್ಲಿ ಡ್ರೈವರ್ ಸರಿ ಇದೆ" ಎಂದು ಹೇಳಿ. ಪೋರ್ಟ್ ಬದಲಿಸಬೇಕು ಎಂದರೆ ಎಷ್ಟಾಗುತ್ತದೆ ಅಂತ ಬಿಚ್ಚುವ ಮೊದಲೇ ಕೇಳಿ. ತೀರಾ ಜಾಸ್ತಿ ಎನಿಸಿದರೆ, ನಿಮ್ಮ ಟೈಪ್-ಸಿ ಪೋರ್ಟ್ ಚಿತ್ರ ಕೊಡುವಂಥದ್ದಾಗಿದ್ದರೆ ಅದರಿಂದ ಎಚ್‌ಡಿಎಂಐಗೆ ಅಡಾಪ್ಟರ್ ಹಾಕಿಕೊಂಡೂ ಕೆಲಸ ಸಾಗುತ್ತದೆ.

ರಿಪೇರಿ ಆದ ಮೇಲೆ ದುಡ್ಡು ಕೊಡುವ ಮೊದಲು ಅಲ್ಲೇ ನಿಮ್ಮ ಕೇಬಲ್ಲಿನಿಂದ ಜೋಡಿಸಿ ಹತ್ತು ನಿಮಿಷ ಬಿಡಿ. ಲ್ಯಾಪ್‌ಟಾಪನ್ನು ಒಮ್ಮೆ ಸ್ಲೀಪಿಗೆ ಹಾಕಿ ಎಬ್ಬಿಸಿ, ಕೇಬಲ್ ಒಮ್ಮೆ ತೆಗೆದು ಹಾಕಿ. ಎರಡೂ ಸಲ ಚಿತ್ರ ತಾನಾಗಿ ಬಂದರೆ ಬಿಲ್ಲಿನಲ್ಲಿ ಯಾವ ಭಾಗ ಬದಲಿಸಿದರು ಎಂದು ಬರೆಸಿಕೊಂಡು ಹೊರಡಿ.